ಖಾನೇಷುಮಾರಿಯೊಳಗಿನ ಸುಮಾರು

"ಆಧಾರ್ ಇದೆಯಲ್ಲ, ಒಂದು ಬಟನ್ ಒತ್ತಿದರೆ ಜನಸಂಖ್ಯೆ ಬರಲ್ವಾ? ಮೇಷ್ಟ್ರುಗಳನ್ನು ಸುಮ್ನೆ ಯಾಕೆ ಬಿಸಿಲಲ್ಲಿ ಅಲೆಸ್ತೀರಿ?" ಜನಗಣತಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಬರಲ್ಲ ಸ್ವಾಮಿ. ಆಧಾರ್ ಹೇಳುವುದು ಎಷ್ಟು ನಂಬರ್ ಕೊಟ್ಟಿದ್ದೇವೆ ಅನ್ನುವುದನ್ನು ಮಾತ್ರ. ಸತ್ತವರ ನಂಬರ್ ತಾನಾಗಿ ಅಳಿಸಿಹೋಗುವುದಿಲ್ಲ, ಬೀದರಿನಿಂದ ಬೆಂಗಳೂರಿಗೆ ಬಂದು ಹತ್ತು ವರ್ಷ ಆದವರ ಕಾರ್ಡಿನಲ್ಲಿ ಇನ್ನೂ ಬೀದರಿನ ವಿಳಾಸವೇ ಇರುತ್ತದೆ. ಜನಸಂಖ್ಯೆ ಅಂದರೆ ಎಲ್ಲೋ ಗೋಡೌನಿನಲ್ಲಿ ಇರುವ ಸರಕಲ್ಲ, ಹೋಗಿ ಎಣಿಸಿಕೊಂಡು ಬರೋದಕ್ಕೆ. ಯಾರನ್ನು, ಎಲ್ಲಿ, ಯಾವ ಹೊತ್ತಿಗೆ ಎಣಿಸಬೇಕು ಅಂತ ಮೊದಲು ನಿಯಮ ಮಾಡಿಕೊಳ್ಳಬೇಕು. ನಿಯಮ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಹೊತ್ತಿನ ವಿಷಯವನ್ನೇ ನೋಡಿ. 2011ರ ಗಣತಿ ಲೆಕ್ಕಕ್ಕೆ ಹಿಡಿದದ್ದು ಮಾರ್ಚ್ 1ರ ಸೊನ್ನೆ ಗಂಟೆ, ಅಂದರೆ ಫೆಬ್ರುವರಿ 28 ಮುಗಿದ ಆ ನಡುರಾತ್ರಿ. ರಾತ್ರಿ ಹನ್ನೊಂದಕ್ಕೆ ತೀರಿಕೊಂಡ ಅಜ್ಜ ಲೆಕ್ಕಕ್ಕಿಲ್ಲ, ಒಂದು ಗಂಟೆಗೆ ಹುಟ್ಟಿದ ಮೊಮ್ಮಗಳೂ ಇಲ್ಲ. ಗಣತಿದಾರರು ಫೆಬ್ರುವರಿ 9ರಿಂದ 28ರವರೆಗೆ ಮನೆಮನೆಗೆ ಹೋದರು. ಆಮೇಲೆ ಮಾರ್ಚ್ 1ರಿಂದ 5ರವರೆಗೆ ಅದೇ ಮನೆಗಳಿಗೆ ಮತ್ತೊಮ್ಮೆ ಹೋಗಿ, ಮಧ್ಯೆ ಯಾರಾದರೂ ಹುಟ್ಟಿದರಾ, ತೀರಿಕೊಂಡರಾ ಅಂತ ಕೇಳಿ ತಿದ್ದಿಕೊಂಡರು. 1991ರವರೆಗೆ ಈ ಗಡುವು ಸೂರ್ಯೋದಯವಾಗಿತ್ತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅದಕ್ಕೂ ಹಿಂದೆ, 1881ರಿಂದ 1931ರವರೆಗೆ, ಇಡೀ ದೇಶವನ್ನು ಒಂದೇ ರಾತ್ರಿಯಲ್ಲಿ ಎಣಿಸುತ್ತಿದ್ದರು. ಬೆಳದಿಂಗಳು ಇರಬೇಕು, ಜಾತ್ರೆ ಇರಬಾರದು, ಮದುವೆ ಮುಹೂರ್ತ ಇರಬಾರದು. ಹೀಗೆಲ್ಲ ನೋಡಿ ರಾತ್ರಿ ಗೊತ್ತುಮಾಡುತ್ತಿದ್ದರಂತೆ.

ಆ ಹಳೇ ಎಣಿಕೆಗಳನ್ನು ತಮಾಷೆ ಅಂದುಕೊಳ್ಳಬೇಡಿ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷ ಜನ ಇದ್ದರು, 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. ಈ ಎರಡು ಎಣಿಕೆ ಇರದಿದ್ದರೆ ಆ ಬರ ಎಷ್ಟು ಜನರನ್ನು ನುಂಗಿತು ಅಂತ ಅಂದಾಜು ಮಾಡುವುದೂ ಕಷ್ಟವಾಗುತ್ತಿತ್ತು.

ಇನ್ನು 'ಎಲ್ಲಿ' ಅನ್ನುವ ಪ್ರಶ್ನೆ. ಊರಲ್ಲಿ ತಾಯಿ ಹೇಳುತ್ತಾಳೆ: "ನನ್ನ ಮಗ ಹಾಸ್ಟೆಲಲ್ಲಿದಾನೆ, ಅವನನ್ನೂ ಬರ್ಕೊಳ್ಳಿ ಸಾರ್." ಆ ಇಪ್ಪತ್ತು ದಿನವೂ ಮಗ ಮನೆಯಲ್ಲಿ ಇರಲೇ ಇಲ್ಲ ಅಂದರೆ ಬರೆದುಕೊಳ್ಳುವ ಹಾಗಿಲ್ಲ. ಅವನು ಹಾಸ್ಟೆಲಿನ ಲೆಕ್ಕಕ್ಕೆ. ಕುಟುಂಬ ಅಂದರೆ ರಕ್ತಸಂಬಂಧವೂ ಅಲ್ಲ, ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹಚ್ಚಿದ್ದರೆ ಅವು ಎರಡು ಕುಟುಂಬ. ಸೊಸೆಯಂದಿರ ಜಗಳ ಇತ್ಯರ್ಥ ಆಗಿದೆಯೋ ಇಲ್ಲವೋ ಅಂತ ಮೊದಲು ಗೊತ್ತಾಗುವುದು ಗಣತಿ ಮೇಷ್ಟ್ರಿಗೆ!

1948ರ ಜನಗಣತಿ ಕಾಯ್ದೆ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು ಅನ್ನುತ್ತದೆ. ಆದರೆ ಒಂದು ವಿನಾಯಿತಿ ಇದೆ. ಹೆಂಗಸು ತನ್ನ ಗಂಡನ ಹೆಸರು ಹೇಳಲೇಬೇಕಿಲ್ಲ, ಸಂಪ್ರದಾಯದಲ್ಲಿ ಯಾರ ಹೆಸರು ಹೇಳಬಾರದೋ ಅವರದೂ ಬೇಡ. ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ದೆಹಲಿಯ ಕಾನೂನೇ ರಕ್ಷಣೆ ಕೊಟ್ಟಿತ್ತು ನೋಡಿ. ನೀವು ಕೊಟ್ಟ ಉತ್ತರವನ್ನು ಕೋರ್ಟಿನಲ್ಲಿ ನಿಮ್ಮ ಮೇಲೆ ಸಾಕ್ಷಿಯಾಗಿ ಬಳಸುವುದಕ್ಕೂ ಇದೇ ಕಾಯ್ದೆ ಬಿಡುವುದಿಲ್ಲ.

ಇಷ್ಟಾದರೂ ತಪ್ಪಿಹೋಗುವವರು ಇದ್ದೇ ಇರುತ್ತಾರೆ. ಎಷ್ಟು ಜನ ತಪ್ಪಿಹೋದರು ಅನ್ನುವುದನ್ನೂ ಲೆಕ್ಕ ಹಾಕಬಹುದು, ನನ್ನ ತಲೆ ಕೆಡಿಸಿದ್ದು ಇದೇ. ಎಣಿಸದವರನ್ನು ಎಣಿಸುವುದು ಹೇಗೆ?

ಕೆರೆಯಲ್ಲಿ 100 ಮೀನು ಹಿಡಿದು, ಗುರುತು ಹಾಕಿ, ವಾಪಸ್ ಬಿಡಿ. ಮರುದಿನ 50 ಹಿಡಿಯಿರಿ. ಅದರಲ್ಲಿ 25ಕ್ಕೆ ಗುರುತಿದ್ದರೆ, ಅಂದರೆ ಅರ್ಧಕ್ಕರ್ಧ, ನಿನ್ನೆ ಹಿಡಿದದ್ದೂ ಕೆರೆಯ ಅರ್ಧದಷ್ಟು ಮೀನು. ಒಟ್ಟು 200. ಮೀನು ಬೇಡವೆಂದರೆ ಮದುವೆಗೆ ಬನ್ನಿ. ಮುಯ್ಯಿ ಪುಸ್ತಕದಲ್ಲಿ 300 ಹೆಸರು, ಫೋಟೋ ಆಲ್ಬಮ್ಮಿನಲ್ಲಿ 200 ಮುಖ, ಎರಡರಲ್ಲೂ ಇರುವವರು 150. ಆಲ್ಬಮ್ಮಿನವರಲ್ಲಿ ಮುಕ್ಕಾಲು ಪಾಲು ಜನ ಮುಯ್ಯಿ ಪುಸ್ತಕದಲ್ಲಿದ್ದಾರೆ, ಹಾಗಾಗಿ ಪುಸ್ತಕ ಹಿಡಿದದ್ದು ಬಂದವರಲ್ಲಿ ಮುಕ್ಕಾಲು ಪಾಲು. ಬಂದವರು 400. ಪುಸ್ತಕ, ಆಲ್ಬಮ್ ಎರಡೂ ಸೇರಿದರೆ ಸಿಗುವುದು 350. ಉಳಿದ 50 ಜನ ಮುಯ್ಯಿಯನ್ನೂ ಓದಿಸದೆ, ಸ್ಟೇಜೂ ಹತ್ತದೆ, ಉಂಡು ಹೋದವರು. ಅವರನ್ನು ಯಾರೂ ನೋಡಿಲ್ಲ, ಆದರೂ ಎಷ್ಟು ಅಂತ ಗೊತ್ತಾಯಿತು! ಆದರೆ ಇದರಲ್ಲಿ ಒಂದು ತೊಡಕಿದೆ. ಮುಯ್ಯಿ ಕೊಡುವವರೇ ಸ್ಟೇಜನ್ನೂ ಹತ್ತುವವರು, ಅಲ್ವಾ? ಆಗ ಎರಡು ಪಟ್ಟಿಯಲ್ಲೂ ಅದೇ ಮುಖಗಳು ಜಾಸ್ತಿ ಸಿಗುತ್ತವೆ, ಲೆಕ್ಕ ಕಮ್ಮಿ ಬರುತ್ತದೆ. ಅದಕ್ಕೇ ಗಣತಿ ಮುಗಿದ ಮೇಲೆ ಮರು ಎಣಿಕೆಗೆ ಹೋಗುವ ಎರಡನೇ ತಂಡಕ್ಕೆ ಮೊದಲನೆಯವರ ಪಟ್ಟಿ ತೋರಿಸದೆ ಕಳಿಸಬೇಕು. ಹಾಗೆ ಕಳಿಸಿದರೂ ಊರೂರು ಅಲೆಯುವ ಕೂಲಿ ಹುಡುಗ ಎರಡು ಸಲವೂ ಕೈತಪ್ಪುತ್ತಾನೆ.

ಕೋಲ್ಕತ್ತಾ ಹತ್ತಿರದ ಸಿಂಗೂರಿನ ಜನನ ಮರಣದ ದಾಖಲೆಗಳ ಮೇಲೆ ಈ ಲೆಕ್ಕವನ್ನು ಹೂಡಿ 1949ರಲ್ಲಿ ಪ್ರಕಟಿಸಿದವರು ನಮ್ಮವರೇ ಆದ ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಡೆಮಿಂಗ್. ಜಪಾನಿನ ಕಾರ್ಖಾನೆಗಳಿಗೆ ಗುಣಮಟ್ಟದ ಪಾಠ ಹೇಳಿದ ಅದೇ ಡೆಮಿಂಗ್.

2011ರ ಗಣತಿ ಆದ ಮೇಲೂ ಆಯ್ದ ಬ್ಲಾಕ್‌ಗಳಲ್ಲಿ ಹೀಗೆ ಮರು ಎಣಿಕೆ ನಡೆಯಿತು. ಸಾವಿರಕ್ಕೆ 23 ಜನ ತಪ್ಪಿಹೋಗಿದ್ದರು. 121 ಕೋಟಿಗೆ ಇದೇ ದರ ಹಿಡಿದರೆ ಎರಡೂಮುಕ್ಕಾಲು ಕೋಟಿಗೂ ಜಾಸ್ತಿ! ಆದರೆ ಅವರನ್ನು ಅಧಿಕೃತ ಸಂಖ್ಯೆಗೆ ಸೇರಿಸುವುದಿಲ್ಲ. ಹೆಸರಿಲ್ಲದವರನ್ನು ಯಾವ ಹಳ್ಳಿಯ ಪುಟಕ್ಕೆ ಬರೆಯುತ್ತೀರಿ? ನಮ್ಮ ಕಡೆ ಗಣತಿಗೆ ಮೊದಲು ಖಾನೇಷುಮಾರಿ ಅನ್ನುತ್ತಿದ್ದರು. ಪಾರಸಿಯಲ್ಲಿ ಖಾನೆ ಅಂದರೆ ಮನೆ, ಶುಮಾರ್ ಅಂದರೆ ಎಣಿಕೆ. ಅದೇ ಶುಮಾರ್ ನಮ್ಮ ಬಾಯಿಗೆ ಬಂದು 'ಸುಮಾರು' ಆಯಿತು. ಕನ್ನಡಿಗರಿಗೆ ಎಣಿಕೆಯ ಗುಟ್ಟು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಎಣಿಸಿದ ಮೇಲೂ ಯಾವ ವರ್ಷದ ಎಣಿಕೆ ಅನ್ನುವುದು ಉಳಿಯುತ್ತದೆ. ಕೆಲವು ಕೆಲಸಕ್ಕೆ ಸಂವಿಧಾನದಲ್ಲಿ ಕಾಲ ಇನ್ನೂ 1971ರಲ್ಲೇ ನಿಂತಿದೆ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸೀಟು ಅನ್ನುವುದು ಆ ವರ್ಷದ್ದೇ. 1976ರಲ್ಲಿ 42ನೇ ತಿದ್ದುಪಡಿ ಅದಕ್ಕೆ ಬೀಗ ಹಾಕಿತು, ಆಮೇಲೆ 84ನೇ ತಿದ್ದುಪಡಿ 2026ರ ನಂತರದ ಮೊದಲ ಗಣತಿಯವರೆಗೆ ಬೀಗ ಮುಂದುವರಿಸಿತು. ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಶಾಸಕರ ಮತದ ಬೆಲೆಯೂ ಹಾಗೆಯೇ. 1971ರಲ್ಲಿ ಕರ್ನಾಟಕದಲ್ಲಿದ್ದವರು 2,92,99,014. ಅದನ್ನು 224 ಶಾಸಕರಿಗೆ ಹಂಚಿ, ಸಾವಿರದಿಂದ ಭಾಗಿಸಿದರೆ 131. 2011ರಲ್ಲಿ ರಾಜ್ಯದ ಜನ 6.11 ಕೋಟಿ ಆಗಿದ್ದರು. ಆದರೂ 2022ರಲ್ಲಿ ಒಬ್ಬೊಬ್ಬ ಶಾಸಕರ ಮತ 131ಕ್ಕೇ ತೂಗಿತು. 1971ರ ಆ ಎಣಿಕೆ ನಡೆದಾಗ ಈ ಶಾಸಕರಲ್ಲಿ ಎಷ್ಟೋ ಮಂದಿ ಇನ್ನೂ ಹುಟ್ಟಿಯೇ ಇರಲಿಲ್ಲ.