ಕೈಗೆಟುಕದ ಬೆನ್ನು ಕೊಡುವ ಸುಳಿವು

ಆರು ವಾರ ದಾಟಿದರೂ ಬಿಡದ ತುರಿಕೆ ಎಂದರೆ ಚರ್ಮವೈದ್ಯರು ಬೆನ್ನನ್ನೂ ತಪ್ಪದೆ ನೋಡುತ್ತಾರೆ. ಮೈತುಂಬ ಉಗುರಿನ ಗೀರು, ಹೆಗಲಮೂಳೆಗಳ ನಡುವೆ ಕೈ ತಲುಪದ ಜಾಗ ಮಾತ್ರ ಚಿಟ್ಟೆಯ ಆಕಾರದಲ್ಲಿ ನುಣ್ಣಗೆ ಉಳಿದಿದ್ದರೆ, ಗಾಯಗಳು ಬಹುಶಃ ಕೆರೆತದಿಂದಲೇ ಆದವು. ಆಗ ತುರಿಕೆಯ ಮೂಲ ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ಕಬ್ಬಿಣದ ಕೊರತೆ, ಅಪರೂಪಕ್ಕೆ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನಲ್ಲಿ ಇರಬಹುದು. ‘ರಕ್ತ ಕೆಟ್ಟಿದೆ’ ಎಂದು ರಕ್ತಶುದ್ಧಿಯ ಮದ್ದಿಗೆ ಜೋತುಬಿದ್ದವರು ಇವುಗಳ ಪರೀಕ್ಷೆಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ತುರಿಕೆ ಎಂದರೆ ‘ಕೆರೆಯುವ ಬಯಕೆ ಹುಟ್ಟಿಸುವ ಅಹಿತ ಅನುಭವ’ ಎಂದು 1660ರಲ್ಲೇ ಜರ್ಮನ್ ವೈದ್ಯ ಸ್ಯಾಮ್ಯುಯೆಲ್ ಹಾಫೆನ್‌ರೆಫರ್ ಬರೆದಿಟ್ಟ. ಆದರೂ ಅದನ್ನು ಸಣ್ಣ ನೋವೆಂದೇ ಬಹುಕಾಲ ತಿಳಿಯಲಾಗಿತ್ತು. 1997ರಲ್ಲಿ ಮಾರ್ಟಿನ್ ಶ್ಮೆಲ್ಜ್ ಮತ್ತು ಸಂಗಡಿಗರು ಮನುಷ್ಯರ ನರಗಳಲ್ಲಿ ಹಿಸ್ಟಮಿನ್‌ಗೆ (ಅಲರ್ಜಿಯಲ್ಲಿ ದೇಹವೇ ಹೊರಬಿಡುವ ರಾಸಾಯನಿಕ) ಮಿಡಿಯುವ, ಸಂಕೇತ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ತೆವಳುವ ತಂತುಗಳನ್ನು ಗುರುತಿಸಿದರು. ಹಿಸ್ಟಮಿನ್ ಒಂದೇ ಅಲ್ಲ. ಎಕ್ಸಿಮಾ ಎಂಬ ಚರ್ಮದ ಉರಿಯೂತದಲ್ಲಿ ರಕ್ಷಣಾ ಕೋಶಗಳು ಹೊರಬಿಡುವ ಇಂಟರ್‌ಲ್ಯೂಕಿನ್-31ರಂಥವು ಬೇರೆ ದಾರಿಯಿಂದ ನರವನ್ನು ಕೆಣಕುತ್ತವೆ. ಹಿಸ್ಟಮಿನ್ ತಡೆದು ಪಿತ್ತಗಂಧೆಗೆ ಹಿಡಿಯುವ ಅಲರ್ಜಿ ಮಾತ್ರೆ ಅಲ್ಲಿ ಹೆಚ್ಚೆಂದರೆ ನಿದ್ದೆ ಬರಿಸುತ್ತದೆ, ಅಷ್ಟೆ.

ಕೆರೆದಾಗ ಹಿತವೇಕೆ? ಕೆರೆತದ ಪುಟ್ಟ ನೋವು ಬೆನ್ನುಹುರಿಯಲ್ಲಿ ತುರಿಕೆಯ ಸಂಕೇತವನ್ನು ತುಳಿಯುತ್ತದೆ. ಆ ನೋವನ್ನು ತಣಿಸಲು ಮೆದುಳು ಸೆರೊಟೊನಿನ್ ಎಂಬ ನರರಾಸಾಯನಿಕವನ್ನು ಕಳಿಸುತ್ತದೆ. ಇಲಿಗಳಲ್ಲಿ ಕಂಡಂತೆ ಅದೇ ಸೆರೊಟೊನಿನ್ ತುರಿಕೆಯ ನರಕೋಶಗಳನ್ನೂ ಎಬ್ಬಿಸುತ್ತದೆ. ಬೆಂಕಿ ಆರಿಸಲು ತಂದ ಕೊಡದ ತಳದಲ್ಲಿ ಎಣ್ಣೆ ಇದ್ದ ಹಾಗೆ. ಇತ್ತ ಉಗುರು ಚರ್ಮದ ಬೇಲಿಯನ್ನೇ ಕಿತ್ತಿರುತ್ತದೆ. ಒಳನುಗ್ಗಿದ ಕಿರಿಕಿರಿಗೆ ರಕ್ಷಣಾ ಕೋಶಗಳು ಸೇರುತ್ತವೆ, ಮತ್ತೆ ತುರಿಕೆ. ಕೆರೆದ ಜಾಗ ದಪ್ಪಗಾಗಿ ಗಂಟುಕಟ್ಟುವುದು ಹೀಗೆ.

ಆದ್ದರಿಂದ ಮೊದಲು ಬೇಲಿ ಕಟ್ಟಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಸ್ನಾನ, ಉಜ್ಜದೆ ಒತ್ತಿ ಒರೆಸುವುದು, ಪಸೆ ಆರುವ ಮುನ್ನ ಪರಿಮಳವಿಲ್ಲದ ಮಾಯಿಶ್ಚರೈಸರ್. ಉರಿಯೂತವಿರುವಲ್ಲಿ ವೈದ್ಯರು ಹೇಳಿದ ಸ್ಟೀರಾಯ್ಡ್ ಮುಲಾಮು: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿದ ಎರಡು ಅಂಗೈಯಗಲಕ್ಕೆ ಸಾಕು. ಹೆದರಿ ಚೂರೇ ಸವರಿ ಎರಡೇ ದಿನಕ್ಕೆ ಬಿಡುವುದೂ ತಪ್ಪು, ಮುಖಕ್ಕೆ ತಿಂಗಳುಗಟ್ಟಲೆ ಬಳಿದು ಚರ್ಮ ತೆಳುವಾಗಿಸಿಕೊಳ್ಳುವುದೂ ತಪ್ಪು.

ಅದಕ್ಕೂ ಮುಂಚೆ ಬೆರಳ ಸಂದು ನೋಡಿ. ರಾತ್ರಿ ಹೆಚ್ಚುವ, ಮನೆಮಂದಿಗೂ ಹಬ್ಬಿದ ತುರಿಕೆ ಸಣ್ಣ ನುಸಿಯಿಂದ ಬರುವ ಕಜ್ಜಿ (ಸ್ಕೇಬೀಸ್) ಆಗಿರಬಹುದು. ಸ್ಟೀರಾಯ್ಡ್ ಅದನ್ನು ಮರೆಮಾಚುತ್ತದೆ. ಕಜ್ಜಿಗೆ ನುಸಿ ಕೊಲ್ಲುವ ಶೇ. 5ರ ಪರ್ಮೆತ್ರಿನ್ ಮುಲಾಮನ್ನು ಕತ್ತಿನಿಂದ ಪಾದದವರೆಗೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು, ವಾರದ ಬಳಿಕ ಮತ್ತೊಮ್ಮೆ. ಮನೆಯವರೆಲ್ಲ ಒಂದೇ ದಿನ ಹಚ್ಚದಿದ್ದರೆ ಕಜ್ಜಿ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಮುಂಗೈಯ ಹೊರಬದಿಯ ತುರಿಕೆ ಐಸ್ ಇಟ್ಟಾಗ ನಿಂತು, ತೆಗೆದೊಡನೆ ಮರಳಿದರೆ ಕತ್ತಿನ ನರದ ಮೇಲೆ ಅನುಮಾನ. ಅಲ್ಲಿ ಸ್ಟೀರಾಯ್ಡ್ ಬಳಿದದ್ದೆಲ್ಲ ದಂಡ. ವೈದ್ಯರು ಗ್ಯಾಬಪೆಂಟಿನ್‌ನಂಥ ನರದ ಮಾತ್ರೆಯನ್ನು ರಾತ್ರಿಗೆ, ಕಡಿಮೆ ಪ್ರಮಾಣದಿಂದ ಶುರುಮಾಡುತ್ತಾರೆ.