ಕಂಟ್ರಿ ಹೌಸ್ ಎಂದರೇನು? ಚಾಟ್ಸ್‌ವರ್ತ್ ಹೇಳುವ ಕಥೆ

ಇಂಗ್ಲೆಂಡಿನ ಕಾದಂಬರಿ, ಸಿನಿಮಾಗಳಲ್ಲಿ ‘ಕಂಟ್ರಿ ಹೌಸ್’ ಬರುತ್ತಲೇ ಇರುತ್ತದೆ. ಅದು ಸುಮ್ನೆ ಹಳ್ಳಿ ಕಡೆಯ ದೊಡ್ಡ ಬಂಗಲೆ ಅಲ್ಲ. ಶ್ರೀಮಂತ ಮನೆತನದ ಮೂಲಮನೆ, ಅದರ ಸುತ್ತ ಸಾವಿರಾರು ಎಕರೆ ಎಸ್ಟೇಟ್. ನಮ್ಮ ಕಾಫಿ ಎಸ್ಟೇಟಿನಂತೆ ಒಂದು ಬೆಳೆಯ ತೋಟವಲ್ಲ. ಒಕ್ಕಲುಗಳ ಹೊಲ, ಕಾಡು, ಕೆಲವು ಕಡೆ ಗಣಿ, ಇಡೀ ಹಳ್ಳಿಗಳೂ ಅದರೊಳಗೇ. ಮನೆ ನಡೆಯುತ್ತಿದ್ದುದು ಒಕ್ಕಲುಗಳು ಕೊಡುವ ಗೇಣಿಯಿಂದ. ಜಮೀನು ಪಾಲಾಗಬಾರದು ಅಂತ ಆಸ್ತಿ ಸಾಮಾನ್ಯವಾಗಿ ಹಿರಿಮಗನಿಗೇ ಹೋಗುತ್ತಿತ್ತು.

ಇಂಗ್ಲೆಂಡಿನ ಡರ್ಬಿಶೈರ್ ಜಿಲ್ಲೆಯ ಚಾಟ್ಸ್‌ವರ್ತ್ ಇದಕ್ಕೆ ಒಳ್ಳೆಯ ಉದಾಹರಣೆ. 1549ರಲ್ಲಿ ಸರ್ ವಿಲಿಯಂ ಕ್ಯಾವೆಂಡಿಶ್ ಮತ್ತು ಹೆಂಡತಿ ಬೆಸ್ 600 ಪೌಂಡಿಗೆ ಈ ಜಾಗ ಕೊಂಡರು. 1694ರಲ್ಲಿ ಮನೆತನಕ್ಕೆ ಡೆವನ್‌ಶೈರ್ ಡ್ಯೂಕ್ ಎಂಬ ವಂಶಪಾರಂಪರ್ಯ ಪದವಿ ಬಂತು.

ಇವರ ಕೈ ಎಷ್ಟು ಉದ್ದವಿತ್ತು ಅಂತ ತಿಳಿಯಲು ಪಕ್ಕದ ಎನ್ಸರ್ ಹಳ್ಳಿ ನೋಡಬೇಕು. ಮನೆಯಿಂದ ಕಾಣುತ್ತಿದ್ದ ಹಳ್ಳಿಯನ್ನು 6ನೇ ಡ್ಯೂಕ್ 1830ರ ದಶಕದ ಕೊನೆಯಲ್ಲಿ ಕಣ್ಣಿಗೆ ಬೀಳದ ಜಾಗಕ್ಕೆ ಎತ್ತಿಸಿದ. ಹಳೆಯ ಜಾಗದಲ್ಲಿ ಈಗ ಹುಲ್ಲುಗಾವಲು, ನಡುವೆ ಗೋಡೆ ಸುತ್ತುವರಿದ ಒಂಟಿ ಮನೆ. ಹೊಸ ಮನೆಗಳು ಚೆನ್ನಾಗಿದ್ದವು, ನಿಜ. ಆದರೂ ನೋಟಕ್ಕಾಗಿ ಊರನ್ನೇ ಸರಿಸುವ ಅಧಿಕಾರ ಒಬ್ಬರ ಕೈಯಲ್ಲಿ ಇರಬಾರದಿತ್ತು ಅಂತಲೇ ನನಗನ್ನಿಸುತ್ತದೆ.

ಇದೇ ಡ್ಯೂಕ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಅಲ್ಲಿನ ಗಾಜಿನ ಮನೆಯಲ್ಲಿ ಒಂದು ಬಾಳೆ ಬೆಳೆಸಿ, ಅದಕ್ಕೆ ಒಡೆಯರ ಮನೆತನದ ಹೆಸರಾದ ಕ್ಯಾವೆಂಡಿಶ್ ಅಂತಲೇ ಹೆಸರಿಟ್ಟ. ನಮ್ಮ ಪಚ್ಚಬಾಳೆ, ಜಿ-9 ಎರಡೂ ಆ ಕ್ಯಾವೆಂಡಿಶ್ ಗುಂಪಿನವೇ!

ಇಂಥ ಮನೆತನಗಳ ಬುಡ ಅಲ್ಲಾಡಿಸಿದ್ದು ಎರಡು ಸಂಗತಿ. 19ನೇ ಶತಮಾನದ ಕೊನೆಗೆ ಅಮೆರಿಕದಿಂದ ಅಗ್ಗದ ಗೋಧಿ ಬಂದು ಗೇಣಿ ಕುಸಿಯಿತು. 1894ರಲ್ಲಿ ಹೊಸ ಮರಣ ತೆರಿಗೆ (ಒಡೆಯ ಸತ್ತಾಗ ಅವನ ಆಸ್ತಿಯ ಮೇಲೆ ಬೀಳುವ ತೆರಿಗೆ) ಬಂತು, ಆಮೇಲೆ ಏರುತ್ತಲೇ ಹೋಯಿತು. 20ನೇ ಶತಮಾನದಲ್ಲಿ ನೂರಾರು ಕಂಟ್ರಿ ಹೌಸ್‌ಗಳನ್ನು ಕೆಡವಿದರು. ಚಾಟ್ಸ್‌ವರ್ತ್‌ಗೂ ಪೆಟ್ಟು ಬಿತ್ತು. 10ನೇ ಡ್ಯೂಕ್ ಆಸ್ತಿಯನ್ನು ಮೊದಲೇ ವರ್ಗಾಯಿಸಿದ್ದ. ಆಮೇಲೆ 5 ವರ್ಷ ಬದುಕಿದ್ದರೆ ತೆರಿಗೆ ತಪ್ಪುತ್ತಿತ್ತು. ಕೆಲವೇ ವಾರ ಉಳಿದಿರುವಾಗ, 1950ರಲ್ಲಿ ತೀರಿಕೊಂಡ. ತೆರಿಗೆ ಶೇ. 80! ಜಮೀನು, ಚಿತ್ರಗಳು ಹೋದವು. ಬೆಸ್ ಕಟ್ಟಿಸಿದ್ದ ಹಾರ್ಡ್‌ವಿಕ್ ಹಾಲ್ ಎಂಬ ಮನೆಯೂ ಕೈತಪ್ಪಿತು.

ಚಾಟ್ಸ್‌ವರ್ತ್ ಉಳಿಯಿತು. 1981ರಿಂದ ಅದನ್ನು ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಾರೆ. ಡ್ಯೂಕ್ ಮನೆತನ ತಾನಿರುವ ಭಾಗಕ್ಕೆ ಟ್ರಸ್ಟಿಗೆ ಬಾಡಿಗೆ ಕಟ್ಟುತ್ತದೆ.