ಹಿತ್ತಾಳೆ ಚೊಂಬು ಶೇಕರ್ ಅಲ್ಲ

ಹೋಟೆಲ್‌ಗಳ ಬಾರ್ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಮನೆಯಲ್ಲಿ ಕಾಕ್‌ಟೇಲ್ ಬೆರೆಸಲು ದುಬಾರಿ ಉಪಕರಣ ಬೇಕೇ ಎಂದು ಕೇಳುವವರಿಗೆ, ಅಡುಗೆಮನೆಯಲ್ಲಿರುವುದೇ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಒಂದರ ಬಾಯಿಯೊಳಗೆ ಇನ್ನೊಂದರ ಬಾಯಿ ಬಿಗಿಯಾಗಿ ಕೂರುವ ಎರಡು ಸ್ಟೀಲ್ ಲೋಟಗಳು ಶೇಕರ್, ಅಂದರೆ ಪಾನೀಯ ಕುಲುಕಿ ಬೆರೆಸುವ ಪಾತ್ರೆ, ಆಗುತ್ತವೆ. ಸೋಡಾವನ್ನು ಮಾತ್ರ ಅದರಲ್ಲಿ ಕುಲುಕಬಾರದು. ಸೋಸಲು ಟೀ ಜರಡಿ, ಪುದೀನ ಜಜ್ಜಲು ವಾರ್ನಿಷ್ ಬಳಿಯದ ಕಡಗೋಲು ಇದ್ದರಾಯಿತು. ಅಳತೆಗೆ, ಚಿಕ್ಕ ಗಾಜಿನ ಲೋಟವನ್ನು ತಕ್ಕಡಿಯ ಮೇಲಿಟ್ಟು 30 ಗ್ರಾಂ ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಗುರುತು ಹಾಕಿಕೊಂಡರೆ ಅದೇ 30 ಮಿ.ಲೀ.ನ ಪೆಗ್. ನೀರಿನ ಬದಲು ಮದ್ಯವನ್ನೇ ತೂಗಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಅದು ನೀರಿಗಿಂತ ಹಗುರ.

ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಬಳಿಕ ಅಟ್ಟದಿಂದ ಹಳೆಯ ತಾಮ್ರದ ಅಥವಾ ಹಿತ್ತಾಳೆಯ ಚೊಂಬನ್ನು ಇಳಿಸಿ, ಅದರಲ್ಲಿ ನಿಂಬೆರಸ, ವೋಡ್ಕಾ, ಜಿಂಜರ್ ಬಿಯರ್ ಸುರಿದು ಫೋಟೊ ತೆಗೆಯುತ್ತಾರೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯವಾದ ಮಾಸ್ಕೋ ಮ್ಯೂಲ್ ಎಂಬ ಇದೇ ಕಾಕ್‌ಟೇಲ್ ಅನ್ನು ತಾಮ್ರದ ಮಗ್‌ನಲ್ಲೇ ಕೊಡುತ್ತಾರಲ್ಲ ಎಂಬುದು ಅವರ ವಾದ. ಆದರೆ ಅಂತಹ ಒಳ್ಳೆಯ ಮಗ್‌ಗಳ ಒಳಮೈಗೆ ನಿಕಲ್ ಅಥವಾ ಸ್ಟೀಲಿನ ಪದರವಿರುತ್ತದೆ. ಪಿಎಚ್ (ಹುಳಿಯನ್ನು ಅಳೆಯುವ ಅಂಕ, ಅದು ಇಳಿದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕಡಿಮೆಯಿರುವ ಪಾನೀಯ ಬರಿಯ ತಾಮ್ರವನ್ನು ತಾಗಬಾರದೆಂದು ಅಮೆರಿಕದ ಅಯೋವಾ ರಾಜ್ಯದ ಮದ್ಯ ಇಲಾಖೆ 2017ರಲ್ಲಿ ಎಚ್ಚರಿಸಿತ್ತು.

“ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೆಯದಲ್ಲವೇ, ಸರ್?” ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಬರುತ್ತದೆ. ಆ ವಾದಕ್ಕೆ ನಾನು ಹೋಗುವುದಿಲ್ಲ. ಅಲ್ಲಿ ಮಾತು ನೀರಿನದು, ಇಲ್ಲಿ ನಿಂಬೆಯದು. ಕುಡಿಯುವ ನೀರಿನ ಪಿಎಚ್ 7ರ ಆಸುಪಾಸಿನಲ್ಲಿದ್ದರೆ ನಿಂಬೆರಸದ್ದು 2ರಿಂದ 2.5. ಪ್ರತಿ ಅಂಕ ಇಳಿದಂತೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ನೆನೆದರೆ ಅಂತರ ಎಷ್ಟೆಂದು ತಿಳಿಯುತ್ತದೆ. ಪೂಜೆಯ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದಾಗ ಅದು ಥಳಥಳಿಸುವುದು ಹುಳಿಯು ಲೋಹದ ಮೇಲ್ಪದರವನ್ನು ಕರಗಿಸುವುದರಿಂದ. ತಿಕ್ಕಿದ ಆ ನೀರನ್ನು ಚೆಲ್ಲುತ್ತೇವೆ, ಕುಡಿಯುವುದಿಲ್ಲ. ಹಿತ್ತಾಳೆಯಲ್ಲಿ ತಾಮ್ರದ ಜೊತೆಗೆ ಸತುವೂ ಇರುತ್ತದೆ, ಕೆಲವೊಮ್ಮೆ ಸೀಸವೂ.

ಜಯನಗರದ ಮನೆಯೊಂದರಲ್ಲಿ ಮೊಮ್ಮಗ ಚೊಂಬು ಕುಲುಕುತ್ತಿದ್ದಾಗ, ಮದ್ಯದ ವಾಸನೆಗೇ ಮೂಗು ಮುಚ್ಚಿಕೊಂಡಿದ್ದ ಅಜ್ಜಿ, “ಕಲಾಯಿ ಹೋಗಿ ಯಾವ ಕಾಲವಾಯ್ತೋ, ಅದಕ್ಕೆ ಹುಳಿ ಹಾಕ್ತಾರೇನೋ?” ಎಂದು ಗದರಿದರು. ನಾನು ಅರ್ಧ ಗಂಟೆ ವಿವರಿಸುವ ವಿಷಯವೆಲ್ಲ ಅಷ್ಟರಲ್ಲೇ ಇತ್ತು. ಹಿತ್ತಾಳೆ ಪಾತ್ರೆಯಲ್ಲಿ ಸಾರು ಕುದಿಸುತ್ತಿದ್ದವರು ತವರದ ಆ ಬಿಳಿ ಲೇಪ ಸವೆದೊಡನೆ ಕಲಾಯಿಯವನನ್ನು ಕರೆಯುತ್ತಿದ್ದರು. ಒಳಗೆ ಎಲ್ಲಾದರೂ ಹಳದಿ ಅಥವಾ ಕೆಂಪು ಇಣುಕುತ್ತಿದ್ದರೆ ಆ ಪಾತ್ರೆಗೆ ಹುಳಿ ಹಾಕಬಾರದು.

ಒಮ್ಮೆ ಒಂದು ಗ್ಲಾಸ್ ಕುಡಿದವರಿಗೆಲ್ಲ ತೊಂದರೆಯಾಗುತ್ತದೆ ಎಂದು ನಾನು ಹೆದರಿಸುವುದಿಲ್ಲ. ಎಷ್ಟು ಹೊತ್ತು ಇಟ್ಟಿರಿ, ಎಷ್ಟು ಹುಳಿಯಿತ್ತು ಎಂಬುದರ ಮೇಲೆ ಅದು ನಿಂತಿದೆ. ವಾಕರಿಕೆ, ವಾಂತಿ ಕಾಣಿಸಿಕೊಂಡರೆ ವೈದ್ಯರನ್ನೇ ಕಾಣಬೇಕು. ಚೊಂಬಿನ ಅಂದವೇ ಮುಖ್ಯವೆನ್ನುವವರು ಅದರಲ್ಲಿ ಐಸ್ ತುಂಬಿ ಮೇಜಿನ ನಡುವೆ ಇಡಬಹುದು. ಆ ಐಸಿನ ಮೇಲೆ ನಿಂಬೆ ಹೋಳುಗಳನ್ನು ಮಾತ್ರ ಜೋಡಿಸಬೇಡಿ, ಅದನ್ನೂ ಮಾಡುವವರಿದ್ದಾರೆ.